ಕೈಯಲ್ಲಿ ಮರ ಉಜ್ಜುವಾಗ ಧೂಳು ಹಿಡಿಯುವುದು ಯಾವುದು? ಪೇಪರ್, ಬಲೆ, ಮಷೀನ್ ಬಳಸಿ ನೋಡಿದ ಹೋಲಿಕೆ

ಹಲಸಿನ ಮರದ ಧೂಳು ಹಳದಿ. ಈ ಹೋಲಿಕೆಗೆ ಹಲಸನ್ನೇ ಆರಿಸಿಕೊಂಡದ್ದು ಅದಕ್ಕೇ. ಬೆಂಚಿನ ಪಕ್ಕ ಒಂದು ಕಪ್ಪು ಬಟ್ಟೆ ಹಾಸಿಟ್ಟರೆ ಸಾಕು, ಎಷ್ಟು ಧೂಳು ತಪ್ಪಿಸಿಕೊಂಡಿತು ಅಂತ ಕಣ್ಣಿಗೇ ಕಾಣುತ್ತದೆ. ಬಟ್ಟೆಯ ಮೇಲೆ ಕೂರದೆ ಗಾಳಿಯಲ್ಲೇ ತೇಲುವ ಧೂಳೂ ಇದೆಯಲ್ವಾ? ಅದನ್ನು ನೋಡಲು ಶೆಡ್ಡು ಕತ್ತಲು ಮಾಡಿ ಒಂದು ಪಕ್ಕದಿಂದ ಟಾರ್ಚ್ ಬಿಡಬೇಕು. ಹಗಲಿನಲ್ಲಿ ಸ್ವಚ್ಛ ಅನ್ನಿಸಿದ ಗಾಳಿಯಲ್ಲಿ ಆಗ ಕಾಣುವುದನ್ನು ಒಮ್ಮೆ ನೋಡಿದರೆ ಮಾಸ್ಕ್ ಹಾಕಿಕೊಳ್ಳಿ ಅಂತ ಯಾರೂ ಹೇಳಬೇಕಾಗುವುದಿಲ್ಲ.

ನನ್ನದು ಸಾಗರದ ಕಡೆಯ ಸಣ್ಣ ಮರಗೆಲಸದ ಶೆಡ್ಡು. ಮಣೆ, ಟ್ರೇ, ಡಬ್ಬಿ, ಸಣ್ಣ ಕಪಾಟು ಇಂಥವು. ಹಲಸು ಮತ್ತು ತೇಗ ಜಾಸ್ತಿ. ಹಳೆ ಮನೆ ಬಿಚ್ಚಿದಾಗ ಸಿಕ್ಕ ಬೀಟೆ ಅಪರೂಪಕ್ಕೆ. ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿಕೊಂಡೇ ಕೆಲಸ ಮಾಡಬೇಕು, ಎದ್ದ ಧೂಳಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಅದೇ ಜಾಗದಲ್ಲಿ ಪಾಲಿಶ್ ಕೂಡ ಹಚ್ಚಬೇಕು.

ಧೂಳಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರ ವರದಿಯಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಮೂಗಿನ ಸುತ್ತಲಿನ ಸೈನಸ್‌ಗಳಿಗೆ ಅಪಾಯ ಹೆಚ್ಚು. ಯುರೋಪಿನಲ್ಲಿ ಗಟ್ಟಿ ಮರದ ಧೂಳಿಗೆ ಎಂಟು ಗಂಟೆಯ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂ. ನಮ್ಮ ಬೀಟೆ, ತೇಗ ಎರಡರ ಧೂಳೂ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೆರೆತ ಬರುತ್ತದೆ. "ಕೆಲಸ ಮಾಡ್ತಾ ಮಾಡ್ತಾ ಅಭ್ಯಾಸ ಆಗುತ್ತೆ" ಅನ್ನುವವರಿದ್ದಾರೆ. ಅಲರ್ಜಿ ಹಾಗಲ್ಲ. ಮುಟ್ಟಿದಷ್ಟೂ ಅದು ಜಾಸ್ತಿಯಾಗಬಹುದು.

ಮೊದಲು ಹಳೆಯ ದಾರಿ ನೋಡೋಣ. ಒಂದು ಮರದ ತುಂಡಿಗೆ ಉಪ್ಪುಕಾಗದ (ಸ್ಯಾಂಡ್‌ಪೇಪರ್) ಸುತ್ತಿ, ಮೂಗಿಗೆ ಮಾಸ್ಕ್ ಕಟ್ಟಿ ಉಜ್ಜುವುದು. ಕೈಗೆ ಸಿಗುವ ಹಿಡಿತದಲ್ಲಿ ಇದಕ್ಕೆ ಸಮ ಯಾವುದೂ ಇಲ್ಲ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಅಂತ ಬೆರಳಿಗೆ ತಿಳಿಯುತ್ತದೆ. ಅಂಚು ಚೂಪಾಗಿ, ನೇರವಾಗಿ ಉಳಿಯಬೇಕಾದರೆ ಇವತ್ತಿಗೂ ನಾನು ಇದನ್ನೇ ಬಳಸುತ್ತೇನೆ. ಖರ್ಚು ಕಡಿಮೆ. ಕರೆಂಟ್ ಬೇಡ, ಮಲೆನಾಡಿನ ಮಳೆಗಾಲದಲ್ಲಿ ಅದು ಸಣ್ಣ ಮಾತಲ್ಲ.

ಧೂಳಿನ ವಿಷಯದಲ್ಲಿ ಮಾತ್ರ ಇದು ಎಲ್ಲಕ್ಕಿಂತ ಹಿಂದೆ. 80 ನಂಬರ್ ಪೇಪರಿನ ಹರಳು ಸುಮಾರು 200 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ), 240 ನಂಬರಿನದು 60ಕ್ಕಿಂತ ಸ್ವಲ್ಪ ಕಡಿಮೆ. ಹರಳು ಸಣ್ಣದಾದಷ್ಟೂ ಧೂಳೂ ಸಣ್ಣದು. 80ರಲ್ಲಿ ಉಜ್ಜಿದಾಗ ಹೆಚ್ಚಿನ ಪುಡಿ ಬೆಂಚಿನ ಮೇಲೇ ಬೀಳುತ್ತದೆ. 240ಕ್ಕೆ ಬಂದಾಗ ಬಟ್ಟೆಯ ಮೇಲೆ ಹಳದಿ ಕಡಿಮೆ, ಟಾರ್ಚ್ ಬೆಳಕಿನಲ್ಲಿ ಜಾಸ್ತಿ. ಕೊನೆಯ ನಯದ ಕೆಲಸಕ್ಕೆ ಮಾಸ್ಕ್ ಬೇಡ ಅಂದುಕೊಳ್ಳುವವರು ಇದನ್ನು ಗಮನಿಸಬೇಕು. ತೇಗದ ಎಣ್ಣೆಗೆ ಪೇಪರ್ ಬೇಗ ಕಟ್ಟಿಕೊಳ್ಳುತ್ತದೆ. ಬಿಡಿಸಲು ಬೆಂಚಿಗೆ ಬಡಿದರೆ ಮತ್ತೊಂದು ಸುತ್ತು ಧೂಳು ಏಳುತ್ತದೆ.

ಎನ್95 ಮಾಸ್ಕ್ 0.3 ಮೈಕ್ರಾನ್ ಕಣಗಳಲ್ಲೂ ಕನಿಷ್ಠ 95 ಶೇಕಡಾ ತಡೆಯುತ್ತದೆ, ಮುಖಕ್ಕೆ ಸರಿಯಾಗಿ ಕೂತರೆ. ಗಡ್ಡ ಇದ್ದವರಿಗೆ ಪಕ್ಕದಿಂದ ಗಾಳಿ ನುಗ್ಗುತ್ತದೆ. ಮಾಸ್ಕ್ ಕಾಯುವುದು ಹಾಕಿಕೊಂಡವರನ್ನು ಮಾತ್ರ. ಧೂಳು ತೊಲೆಯ ಮೇಲೆ, ಕಪಾಟಿನ ಮೇಲೆ ಕೂತಿರುತ್ತದೆ. ಮರುದಿನ ಫ್ಯಾನ್ ಹಾಕಿದ ಕೂಡಲೇ ಮತ್ತೆ ಏಳುತ್ತದೆ. ಆಗ ಸುಮ್ನೆ ಚಹಾ ಕೊಡಲು ಬಂದವರ ಮೂಗಿಗೂ ಹೋಗುತ್ತದೆ. ನನಗೆ ಮಾಸ್ಕ್ ಸಾಲದು ಅನ್ನಿಸಿದ್ದು ಇದಕ್ಕೇ.

ತೂತು ಮೇಜಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ಲೈವುಡ್ ಪೆಟ್ಟಿಗೆ, ಮೇಲೆ ಸಾಲು ತೂತು, ಕೆಳಗಿನಿಂದ ವ್ಯಾಕ್ಯೂಮ್. ಡಬ್ಬಿಯ ಮುಚ್ಚಳದಂಥ ಸಣ್ಣ ತುಂಡಿಗೆ ಪರವಾಗಿಲ್ಲ. ಅಗಲದ ಹಲಗೆ ಇಟ್ಟರೆ ಹಲಗೆಯೇ ತೂತು ಮುಚ್ಚುತ್ತದೆ. ವ್ಯಾಕ್ಯೂಮ್ ಜೋರಾಗಿ ಎಳೆಯುತ್ತದೆ ನಿಜ, ಆದರೆ ಎಳೆಯುವ ಗಾಳಿಯ ಪ್ರಮಾಣ ಕಡಿಮೆ. ಈ ಮೇಜಿಗೆ ಬೇಕಾದದ್ದು ದೊಡ್ಡ ಬ್ಲೋವರ್.

ಇನ್ನು ಬಲೆ ಪೇಪರ್. ನನ್ನ ಶೆಡ್ಡಿನ ಅಭ್ಯಾಸ ಬದಲಿಸಿದ್ದು ಇದು. ಫಿನ್ಲೆಂಡಿನ ಮಿರ್ಕಾ ಕಂಪನಿಯ ಅಬ್ರಾನೆಟ್ ಈ ಬಗೆಯಲ್ಲಿ ಹೆಸರುವಾಸಿ. ಈಗ ಬೇರೆ ಕಂಪನಿಗಳದೂ ಸಿಗುತ್ತದೆ. ಕಾಗದದ ಬದಲು ನೂಲಿನ ಬಲೆ, ಆ ನೂಲಿಗೆ ಹರಳು ಅಂಟಿಸಿರುತ್ತಾರೆ. ಹಿಡಿಯುವ ಬ್ಲಾಕಿನ ಒಳಗೆ ಟೊಳ್ಳು, ತಳದಲ್ಲಿ ತೂತು, ಹಿಂದೆ ವ್ಯಾಕ್ಯೂಮಿನ ಪೈಪ್ ಸಿಕ್ಕಿಸುವ ಬಾಯಿ. ಧೂಳು ಹುಟ್ಟಿದ ಜಾಗದಲ್ಲೇ ಬಲೆಯ ಕಣ್ಣಿನಿಂದ ಒಳಗೆ ಹೋಗುತ್ತದೆ.

ಕಪ್ಪು ಬಟ್ಟೆ ಬಹುತೇಕ ಕಪ್ಪಾಗಿಯೇ ಉಳಿಯಿತು. ಟಾರ್ಚ್ ಬಿಟ್ಟರೂ ಬೆಳಕಿನ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಕಣ. ಇಷ್ಟನ್ನು ನಾನು ನಿರೀಕ್ಷಿಸಿದ್ದೆ. ನಿರೀಕ್ಷಿಸದೇ ಇದ್ದದ್ದು ಮರದ ಮೇಲ್ಮೈಯಲ್ಲಿ ಕಂಡ ವ್ಯತ್ಯಾಸ. ಧೂಳು ಉಳಿಯುವುದಿಲ್ಲವಾದ್ದರಿಂದ ಹಿಂದಿನ ನಂಬರಿನ ಗೀರು ಹೋಯಿತೋ ಇಲ್ಲವೋ ಅಂತ ಉಜ್ಜುತ್ತಿರುವಾಗಲೇ ಕಾಣುತ್ತದೆ. ಉದುರಿದ ಹರಳು ಪೇಪರಿನ ಕೆಳಗೆ ಸಿಕ್ಕಿ ಹೊಸ ಗೀರು ಹಾಕುವುದೂ ಕಡಿಮೆ. ತೇಗದಲ್ಲೂ ಬಲೆ ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ. ಒಂದು ಹಾಳೆಗೆ ಸಾಮಾನ್ಯ ಪೇಪರಿನ ಹಲವು ಪಟ್ಟು ಬೆಲೆ, ಆದರೆ ಬಾಳಿಕೆ ನೋಡಿದರೆ ನನಗೆ ದುಬಾರಿ ಅನ್ನಿಸಲಿಲ್ಲ. ಮುಖ್ಯವಾಗಿ, ಪಾಲಿಶ್ ಒಣಗಿದ ಮೇಲೆ ಕೈಗೆ ತಾಗುವ ತರಿ ಕಡಿಮೆಯಾಯಿತು. ಶೆಡ್ಡಿನ ಗಾಳಿ ಸ್ವಚ್ಛವಾದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ತೊಂದರೆಗಳೂ ಇವೆ. ವ್ಯಾಕ್ಯೂಮ್ ಪೂರ್ತಿ ಜೋರು ಇಟ್ಟರೆ ಬ್ಲಾಕ್ ಮರಕ್ಕೆ ಅಂಟಿಕೊಳ್ಳುತ್ತದೆ. ತಳ್ಳಿ ತಳ್ಳಿ ಭುಜ ನೋಯುತ್ತದೆ, ಗೀರೂ ಆಳವಾಗುತ್ತದೆ. ಬ್ಲಾಕಿನಲ್ಲಿ ಗಾಳಿ ಬಿಡುವ ಸಣ್ಣ ಕಿಂಡಿ ಇದ್ದರೆ ಅದನ್ನು ತೆರೆದಿಡಬೇಕು. ನಾನು 80ಕ್ಕೆ ಸ್ವಲ್ಪ, 180ರ ಮೇಲೆ ಜಾಸ್ತಿ ತೆರೆಯುತ್ತೇನೆ. ಪೈಪಿನ ಭಾರ ಮಣಿಕಟ್ಟನ್ನು ಪಕ್ಕಕ್ಕೆ ಎಳೆಯುತ್ತದೆ. ಮೇಲಿನ ಜಂತಿಗೆ ಹಗ್ಗ ಕಟ್ಟಿ ಪೈಪನ್ನು ತೂಗಿಬಿಟ್ಟ ಮೇಲೆ ಆ ಕಿರಿಕಿರಿ ಹೋಯಿತು. ಬ್ಲಾಕಿನ ತಳ ಮೆತ್ತಗಿದ್ದರೆ ಅಂಚು ದುಂಡಾಗುತ್ತದೆ, ಹಾಗಾಗಿ ಅಂಚಿನಿಂದ ಎರಡು ಬೆರಳು ಒಳಗೆ ನಿಲ್ಲಿಸಿ, ಉಳಿದದ್ದನ್ನು ಮರದ ತುಂಡಿಗೆ ಸುತ್ತಿದ ಪೇಪರಿನಲ್ಲಿ ಮುಗಿಸುವುದು ಒಳ್ಳೆಯದು. ಹಳೆ ಮರದಲ್ಲಿ ಮೊಳೆಯ ತಲೆ ಉಳಿದಿದ್ದರೆ ಬಲೆ ಹರಿಯುತ್ತದೆ. ಬಲೆಗೂ ಬ್ಲಾಕಿಗೂ ನಡುವೆ ಹಾಕುವ ತೆಳು ಪ್ಯಾಡ್ ಬರುತ್ತದೆ. ಅದಿಲ್ಲದೆ ಉಜ್ಜಿದರೆ ಬಲೆಯನ್ನು ಹಿಡಿದಿಡುವ ಬ್ಲಾಕಿನ ಸಣ್ಣ ಕೊಕ್ಕೆಗಳೇ ಸವೆಯುತ್ತವೆ.

ಕೆತ್ತನೆ ಕೆಲಸಕ್ಕೆ ಇದು ಆಗುವುದಿಲ್ಲ. ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ ನೋಡಿದವರಿಗೆ ಅದು ಗೊತ್ತು. ಅಂಥ ಒಳಮೂಲೆಗೆ ಬೆರಳಿನಲ್ಲಿ ಮಡಿಸಿ ಹಿಡಿದ ಪೇಪರೇ ಬೇಕು. ಅಂಥ ಕಡೆ ಪೈಪಿನ ಬಾಯನ್ನು ಕ್ಲ್ಯಾಂಪಿನಿಂದ ಕೆಲಸದ ಪಕ್ಕಕ್ಕೇ ಬಿಗಿಯಬಹುದು. ಪೂರ್ತಿ ಹಿಡಿಯದಿದ್ದರೂ ಮುಖದ ಕಡೆ ಬರುವುದು ತಗ್ಗುತ್ತದೆ.

ತಿರುಗುವ ಸ್ಯಾಂಡರ್ ಮಷೀನ್ ಕೈಕೆಲಸ ಅಲ್ಲ, ಆದರೂ ಎಲ್ಲರೂ ಕೇಳುವುದು ಅದನ್ನೇ. 125 ಮಿಲಿಮೀಟರ್ ತಟ್ಟೆ, ಎಂಟು ತೂತು. ಪೇಪರಿನ ತೂತು ತಟ್ಟೆಯ ತೂತಿಗೆ ಸರಿಯಾಗಿ ಕೂತು, ವ್ಯಾಕ್ಯೂಮ್ ಸಿಕ್ಕಿಸಿದ್ದರೆ ಸಮತಟ್ಟು ಹಲಗೆಯ ಮೇಲೆ ಧೂಳು ಚೆನ್ನಾಗಿ ಹಿಡಿಯುತ್ತದೆ. ಅದರ ಜೊತೆ ಬರುವ ಪುಟ್ಟ ಚೀಲವನ್ನು ಮಾತ್ರ ನಂಬಬೇಡಿ. ತಟ್ಟೆ ಅಂಚಿನಿಂದ ಹೊರಗೆ ಚಾಚಿದರೆ ಆ ಕಡೆಯ ಧೂಳೆಲ್ಲ ಹೊರಗೇ. ಊಟದ ಮೇಜಿನ ಅಗಲಕ್ಕೆ 80ರಿಂದ 150ರವರೆಗೆ ಮಷೀನೇ ಸರಿ, ಕೈಯಲ್ಲಿ ಅಷ್ಟು ಉಜ್ಜುವುದು ಯಾರಿಗೂ ಬೇಡ. ಆದರೆ ಅದು ಬಿಡುವ ಸುರುಳಿ ಗೀರು ಎಣ್ಣೆ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಕೊನೆಗೆ ಮರದ ಎಳೆಯ ಉದ್ದಕ್ಕೆ ಕೈಯಲ್ಲಿ ಉಜ್ಜಲೇಬೇಕು, ಅಲ್ಲಿ ಮತ್ತೆ ಬಲೆಯ ಬ್ಲಾಕ್ ಬರುತ್ತದೆ.

ಯಾವುದನ್ನು ಕೊಂಡರೂ ಮೊದಲ ದುಡ್ಡು ವ್ಯಾಕ್ಯೂಮಿನ ಫಿಲ್ಟರಿಗೆ ಹಾಕಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಾಧಾರಣ ಬಟ್ಟೆ ಫಿಲ್ಟರ್ ದಪ್ಪ ಧೂಳು ಹಿಡಿದು, ಅತಿ ಸಣ್ಣದನ್ನು ಹಿಂದಿನಿಂದ ಊದುತ್ತದೆ. ಟಾರ್ಚನ್ನು ವ್ಯಾಕ್ಯೂಮಿನ ಹಿಂಬದಿಗೆ ಹಿಡಿದರೆ ಇದು ತಿಳಿಯುತ್ತದೆ. ಯುರೋಪಿನ ಎಂ ದರ್ಜೆಯ ಯಂತ್ರ ಧೂಳಿನ 0.1 ಶೇಕಡಾಕ್ಕಿಂತ ಹೆಚ್ಚು ಹೊರಗೆ ಬಿಡುವಂತಿಲ್ಲ. ಎಲ್ ದರ್ಜೆಗೆ ಅದು 1 ಶೇಕಡಾ. ಅಷ್ಟು ದುಬಾರಿ ಯಂತ್ರ ಬೇಡ ಅಂದರೆ ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಹಾಕಬಹುದಾದ ವ್ಯಾಕ್ಯೂಮ್ ತೆಗೆದುಕೊಂಡು, ಮುಂದೆ ಒಂದು ಸೈಕ್ಲೋನ್ ಬಕೆಟ್, ಅಂದರೆ ಗಾಳಿಯನ್ನು ಸುತ್ತಿಸಿ ಧೂಳನ್ನು ಬೇರ್ಪಡಿಸುವ ಬಕೆಟ್, ಇಡಿ. ಹೆಚ್ಚಿನ ಧೂಳು ಬಕೆಟ್ಟಿನಲ್ಲೇ ಬೀಳುತ್ತದೆ, ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ, ಎಳೆತ ಕುಗ್ಗುವುದಿಲ್ಲ. ಬೇಸಿಗೆಯ ಒಣ ಗಾಳಿಯಲ್ಲಿ ಪ್ಲಾಸ್ಟಿಕ್ ಪೈಪಿನಿಂದ ಕೈಗೆ ಚುರ್ರೆಂದು ಶಾಕ್ ಹೊಡೆಯುವುದುಂಟು. ಅದಕ್ಕೆ ಆಂಟಿಸ್ಟ್ಯಾಟಿಕ್ ಪೈಪ್ ಸಿಗುತ್ತದೆ.

ಈಗ ನಾನು ಮಾಡುವುದು ಹೀಗೆ. ಮೊದಲು ಮರ ಹೆರೆಯುವ ಹತ್ತರಿ, ಆಮೇಲೆ ಉಕ್ಕಿನ ಸ್ಕ್ರೇಪರ್. ಅವೆರಡೂ ಧೂಳಿನ ಬದಲು ತೆಳು ಸುರುಳಿ ತೆಗೆಯುತ್ತವೆ. ಹಿಂದೆ ಬಡಗಿಗಳು ಒಡೆದ ಗಾಜಿನ ಚೂರಿನಲ್ಲಿ ಹೆರೆಯುತ್ತಿದ್ದದ್ದೂ ಇದೇ ಕೆಲಸ. ನಂತರ 120ರಿಂದ 240ರವರೆಗೆ ಬಲೆಯ ಬ್ಲಾಕ್, ಅಂಚಿಗೆ ಪೇಪರ್. ಬೀಟೆಯಾದರೆ ವ್ಯಾಕ್ಯೂಮ್ ಇದ್ದರೂ ಮಾಸ್ಕ್ ತೆಗೆಯುವುದಿಲ್ಲ. ಕೊನೆಯ ಸುತ್ತಿಗೆ ಅಗಸೆ ಎಣ್ಣೆ ಹಚ್ಚಿ, ಹಸಿಯಿರುವಾಗಲೇ 400 ನಂಬರಿನ ಕಪ್ಪು ವಾಟರ್ ಪೇಪರಿನಿಂದ ಉಜ್ಜುತ್ತೇನೆ. ಆ ಹಂತದಲ್ಲಿ ಧೂಳು ಹಾರುವುದೇ ಇಲ್ಲ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಶೆಡ್ಡಿನ ಹೊರಗೆ ತಂತಿಯ ಮೇಲೆ ಬಿಡಿಸಿ ಹರವಿಡಿ, ಮಳೆಯಿದ್ದರೆ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.