ನನಗಿಂತ ಹಿರಿಯ ರಿವಾಲ್ವರ್, ಐದು ವರ್ಷದ ಒಡನಾಟ ಮತ್ತು ಆಡುತ್ತಿದ್ದ ಸಿಲಿಂಡರ್

ನನ್ನ ರಿವಾಲ್ವರ್ ವಯಸ್ಸಿನಲ್ಲಿ ನನಗಿಂತ ಹಿರಿಯದು. .32 ಬೋರಿನದು, ಆರು ಗುಂಡಿನದು, ಗುಂಡು ತುಂಬುವ ಸಿಲಿಂಡರ್ ಎಡಕ್ಕೆ ಹೊರಳಿ ತೆರೆದುಕೊಳ್ಳುವ ವಿದೇಶಿ ಮಾಲು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮಿಲ್ಲು ನಡೆಸುವವನಿಗೆ ಇದೆಲ್ಲ ಏಕೆ ಎಂದು ಕೇಳುವವರು, ಸುಗ್ಗಿಯಲ್ಲಿ ರೈತರಿಗೆ ಕೊಡಬೇಕಾದ ನಗದನ್ನು ಚೀಲದಲ್ಲಿಟ್ಟುಕೊಂಡು ರಾತ್ರಿ ಒಮ್ಮೆ ಓಡಾಡಿ ನೋಡಬೇಕು. ಪರವಾನಗಿಯ ಅರ್ಜಿಯಲ್ಲೂ ನಾನು ಇದನ್ನೇ ಬರೆದಿದ್ದೆ.

ಇದು ನನ್ನ ಕೈಗೆ ಬಂದದ್ದು 2020ರ ಕೊನೆಯಲ್ಲಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಮೂರರ ಬದಲು ಎರಡೇ ಬಂದೂಕು ಇರಬೇಕೆಂದಾಯಿತಲ್ಲ, ಆಗ ಹಳೆಯ ಮನೆತನಗಳ ಬೀರುಗಳಿಂದ ಮೂರನೆಯವು ಹೊರಬಂದವು. ಮಾರಿದ ಹಿರಿಯರು ಜೋಡಿ ನಳಿಕೆಯ ಬಂದೂಕನ್ನೂ ರೈಫಲನ್ನೂ ಉಳಿಸಿಕೊಂಡು ಇದನ್ನು ಬಿಟ್ಟರು. ಅಧಿಕಾರಿಗಳಿಗೆ ಬರಹದಲ್ಲಿ ತಿಳಿಸಿ ನಲವತ್ತೈದು ದಿನ ಕಾದ ಮೇಲೆ ಹಸ್ತಾಂತರವಾಯಿತು. ಕಾಗದಪತ್ರದ ವಿಷಯ ಇಷ್ಟೇ ಸಾಕು.

ಕೊಳ್ಳುವಾಗಲೇ ಸಿಲಿಂಡರ್ ಸ್ವಲ್ಪ ಆಡುತ್ತಿತ್ತು. "ಹಳೆಯದು, ಇಷ್ಟು ಇದ್ದೇ ಇರುತ್ತದೆ" ಎಂದರು. ನಾನೂ ತಲೆಯಾಡಿಸಿದೆ. ಎಣ್ಣೆಯ ಎಕ್ಸ್‌ಪೆಲ್ಲರ್‌ನ ಶಾಫ್ಟ್ ಕೂದಲೆಳೆಯಷ್ಟು ಆಡಿದರೂ ರಾತ್ರೋರಾತ್ರಿ ಬಿಚ್ಚಿಸುವ ಮನುಷ್ಯ ನಾನು. ಆ ದಿನ ಆ ಬುದ್ಧಿ ಎಲ್ಲಿ ಹೋಗಿತ್ತೋ. ನಿಕ್ಕಲ್ ಹೊಳಪಿಗೆ ಮರುಳಾದೆ ಎಂದು ಒಪ್ಪಿಕೊಳ್ಳುತ್ತೇನೆ.

ಮರುವರ್ಷ ಶೂಟಿಂಗ್ ರೇಂಜ್‌ನಲ್ಲಿ ಬಣ್ಣ ಬಯಲಾಯಿತು. ಆರರಲ್ಲಿ ಎರಡು ಗುಂಡು ಹಾರಲಿಲ್ಲ. ಹಾರಿದ ಒಂದು, ಪಕ್ಕದ ಸಾಲಿನಲ್ಲಿದ್ದವರ ಹಣೆಗೆ ಸೀಸದ ಚೂರನ್ನು ಎರಚಿತು. ಅವರು ಕನ್ನಡಕ ಹಾಕಿದ್ದರು, ಪುಣ್ಯ. ಕಾಟ್ರಿಜ್‌ನ ಹಿಂಬದಿ ನೋಡಿದರೆ ಹಾರದ ಎರಡರಲ್ಲೂ ಗುಂಡು ಹೊಡೆಯುವ ಪಿನ್ನಿನ ಗುರುತು ನಡುಮಧ್ಯದಲ್ಲೇ ಇತ್ತು, ಆದರೆ ತೀರ ಮೇಲುಮೇಲಾಗಿತ್ತು. ಆಗ ಆ ಗುರುತು ಏನು ಹೇಳುತ್ತಿದೆ ಎಂದು ನನಗೆ ಓದಲು ಬರಲಿಲ್ಲ.

ಮೊದಲು ತೋರಿಸಿದ ರಿಪೇರಿಯವರು ಅಳತೆ ಮಾಡಲಿಲ್ಲ. ಸಿಲಿಂಡರ್ ಸುತ್ತ ಇರುವ ಕಚ್ಚುಗಳ ಅಂಚಿಗೆ ಪಂಚ್ ಇಟ್ಟು ಬಡಿದು ಲೋಹವನ್ನು ಒಳಕ್ಕೆ ಒತ್ತಿ ಕೊಟ್ಟರು. ಕೈಯಲ್ಲಿ ಹಿಡಿದರೆ ಕಲ್ಲಿನಂತೆ ಬಿಗಿ. ಮೂವತ್ತು ಗುಂಡು ಹೋಗುವಷ್ಟರಲ್ಲಿ ಅದೇ ಆಟ, ಮೇಲಾಗಿ ಬಡಿದ ಗುರುತುಗಳು ಜೀವಮಾನಕ್ಕೆ ಉಳಿದವು. ಕೆಟ್ಟಿದ್ದ ಜಾಗ ಅದಲ್ಲವೇ ಅಲ್ಲ.

ಎರಡನೆಯವರು ಬೇರೆ ಜಿಲ್ಲೆಯ, ಪರವಾನಗಿ ಇರುವ ಹಳೆಯ ಮೇಸ್ತ್ರಿ. ಬಂದೂಕಿನ ರಿಪೇರಿಗೂ ಪರವಾನಗಿ ಬೇಕು. ಊರಿನ ಲೇತ್ ಅಂಗಡಿಯಲ್ಲಿ ಇದನ್ನು ಬಿಚ್ಚಿಸುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಅವರು ಮೊದಲು ಖಾಲಿ ಇದೆಯೇ ಎಂದು ನೋಡಿದರು, ಮತ್ತೆ ನನಗೆ ತೋರಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಕೇಳಿದರು: "ಯಜಮಾನರೇ, ಆಡುತ್ತದೆ ಎಂದಿರಿ. ಎತ್ತ ಕಡೆಗೆ ಆಡುತ್ತದೆ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಿಲಿಂಡರ್ ಪಕ್ಕಕ್ಕೆ ತಿರುಗುವಂತೆ ಆಡುವುದು ಒಂದು ರೋಗ, ಹಿಂದೆಮುಂದೆ ಸರಿಯುವುದು ಇನ್ನೊಂದು, ಸರಿಯಾದ ಗಳಿಗೆಗೆ ಬಂದು ನಿಲ್ಲದಿರುವುದು ಮತ್ತೊಂದು. ಮೂರಕ್ಕೂ ನಾವು ಲೂಸ್ ಎಂಬ ಒಂದೇ ಹೆಸರಿಟ್ಟಿದ್ದೇವೆ.

ತಿರುಗುವ ಆಟ ನೋಡಲು ಟ್ರಿಗರನ್ನು ಪೂರ್ತಿ ಎಳೆದು ಹಿಡಿದೇ ಇಟ್ಟು ಸಿಲಿಂಡರನ್ನು ಬೆರಳಿನಿಂದ ಅಲುಗಿಸಬೇಕು. ಈ ಮಾದರಿಯಲ್ಲಿ ತುಸು ಆಟ ಸಹಜ. ಗುಂಡು ನಳಿಕೆಯ ಬಾಯಿಗೆ ಹೋಗುವಾಗ ಅದೇ ಸಿಲಿಂಡರನ್ನು ನೇರಕ್ಕೆ ತಂದುಕೊಳ್ಳುತ್ತದೆ. ನನ್ನದರಲ್ಲಿ ಅಷ್ಟೇ ಇತ್ತು. ಹಿತ್ತಾಳೆಯ ಅಳತೆಕಡ್ಡಿಯನ್ನು ನಳಿಕೆಯಲ್ಲಿ ಇಳಿಬಿಟ್ಟರೆ ಗುಂಡು ಕೂರುವ ಆರೂ ಕೋಣೆಗಳಿಗೆ ತಡೆಯಿಲ್ಲದೆ ಇಳಿಯಿತು. ಗಳಿಗೆ ನೋಡುವುದು ಹೀಗೆ: ಸಿಲಿಂಡರ್ ಮೇಲೆ ಬೆರಳನ್ನು ಹಗುರವಾಗಿ ಒತ್ತಿ ತಡೆಯುತ್ತಾ ಹ್ಯಾಮರನ್ನು ನಿಧಾನವಾಗಿ ಎಳೆಯಬೇಕು. ಹ್ಯಾಮರ್ ಕೊನೆಗೆ ಹೋಗಿ ನಿಲ್ಲುವ ಮೊದಲೇ ಸಿಲಿಂಡರನ್ನು ಹಿಡಿದು ನಿಲ್ಲಿಸುವ ಕೆಳಗಿನ ಸ್ಟಾಪ್ ಟಿಕ್ಕೆಂದು ಕಚ್ಚಿನಲ್ಲಿ ಕೂರಬೇಕು. ಐದು ಕೋಣೆ ಸರಿ, ಒಂದು ಸೋಮಾರಿ. ಅದಕ್ಕೆ ಕಾರಣ ಸವೆತವಲ್ಲ, ಕೊಬ್ಬರಿ ಎಣ್ಣೆ. ಹಿಂದಿನ ಯಜಮಾನರು ವರ್ಷಗಟ್ಟಲೆ ಅದನ್ನೇ ಬಿಟ್ಟಿದ್ದರು. ಮದ್ದಿನ ಮಸಿ ಮತ್ತು ನಮ್ಮ ಕೆಂಪು ಧೂಳಿನೊಡನೆ ಸೇರಿ ಅದು ಖೋಕಾ, ಅಂದರೆ ಖಾಲಿ ಕಾಟ್ರಿಜ್, ಎತ್ತುವ ನಕ್ಷತ್ರಾಕಾರದ ತುಂಡಿನ ಅಡಿಯಲ್ಲಿ ಮೇಣವಾಗಿತ್ತು. ಎಣ್ಣೆ ಮಾರಿ ಬದುಕುವವನು ಹೇಳುತ್ತಿದ್ದೇನೆ, ತಿನ್ನುವ ಎಣ್ಣೆಯನ್ನು ಬಂದೂಕಿಗೆ ಹಾಕಬೇಡಿ. ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಆ ಕೋಣೆಯೂ ಎಚ್ಚೆತ್ತಿತು.

ನಿಜವಾದ ರೋಗ ಹಿಂದೆಮುಂದಿನ ಆಟದಲ್ಲಿತ್ತು. ಮೇಸ್ತ್ರಿ ಸಂದು ಅಳೆಯುವ ತೆಳು ಪಟ್ಟಿಗಳ ಫಿಲ್ಲರ್ ಗೇಜ್ ತೆಗೆದರು, ಬೈಕಿನ ಟ್ಯಾಪೆಟ್ ಸೆಟ್ ಮಾಡುವಂಥದ್ದೇ. ಸಿಲಿಂಡರನ್ನು ಮುಂದಕ್ಕೆ ಒತ್ತಿ ಹಿಡಿದಾಗ ನಳಿಕೆಗೂ ಅದಕ್ಕೂ ನಡುವಿನ ಸಂದು 0.08 ಮಿ.ಮೀ., ಹಿಂದಕ್ಕೆ ಒತ್ತಿದಾಗ 0.23. ಎರಡರ ವ್ಯತ್ಯಾಸ 0.15. ಅದು 0.05ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಗುಂಡು ಹಾರದ ಗುಟ್ಟು ಇಲ್ಲೇ ಇತ್ತು: ಹ್ಯಾಮರ್ ಹೊಡೆದಾಗ ಆ ಪೆಟ್ಟಿನಲ್ಲಿ ಒಂದಷ್ಟು, ಸಿಲಿಂಡರನ್ನು ಮುಂದಕ್ಕೆ ತಳ್ಳುವುದರಲ್ಲೇ ಮುಗಿದುಹೋಗುತ್ತಿತ್ತು. ಪಿನ್ನಿನ ಗುರುತು ಮೇಲುಮೇಲಾಗಿ ಬಿದ್ದದ್ದು ಅದಕ್ಕೆ. ಇನ್ನು ಸೀಸ ಎರಚಿದ್ದಕ್ಕೆ ಸೋಮಾರಿ ಕೋಣೆಯೇ ಕಾರಣ. ನಳಿಕೆಗೆ ನೇರವಾಗಿ ನಿಲ್ಲದೆ ಗುಂಡಿನ ಒಂದು ಬದಿಯನ್ನು ಹೆರೆಯುತ್ತಿತ್ತು.

ಸಿಲಿಂಡರನ್ನು ಹೊತ್ತು ನಿಲ್ಲುವ ತೋಳಿಗೆ ಕ್ರೇನ್ ಎನ್ನುತ್ತಾರೆ. ಅದರ ಕೊಳವೆಯ ತುದಿ ಸವೆದಿತ್ತು. ಸಿನಿಮಾದಲ್ಲಿ ಮಣಿಕಟ್ಟು ಝಾಡಿಸಿ ಸಿಲಿಂಡರ್ ಮುಚ್ಚುತ್ತಾರಲ್ಲ, ಆ ಶೋಕಿ ಈ ತೋಳನ್ನು ಬಗ್ಗಿಸಿಬಿಡುತ್ತದೆ. ಪುಣ್ಯಕ್ಕೆ ಇದು ಬಗ್ಗಿರಲಿಲ್ಲ. ಮೇಸ್ತ್ರಿ ತುದಿಯನ್ನು ಸಮ ಮಾಡಿ 0.05 ಮಿ.ಮೀ. ದಪ್ಪದ ಎರಡು ಉಕ್ಕಿನ ವಾಷರ್ ಕೂರಿಸಿದರು. ನಮ್ಮ ಮಿಲ್ಲಿನಲ್ಲಿ ಬೇರಿಂಗ್‌ಗೆ ಶಿಮ್ ಹಾಕುವುದೂ ಇದೇ ಲೆಕ್ಕ. ಮೂರನೆಯದನ್ನೂ ಹಾಕಿ ಎಂದೆ. "ಬೇಡ. ಬಿಸಿಯಾದಾಗ ಉಸಿರಾಡಲು ಜಾಗ ಬೇಕು" ಎಂದರು. ಖೋಕಾ ತಳ್ಳುವ ಸಲಾಕೆಯ ತಿರುಪು ಸಡಿಲವಾಗಿತ್ತು, ಅದನ್ನೂ ಬಿಗಿ ಮಾಡಿ ಕೊಟ್ಟರು.

ಈಗ ಆಟ 0.05. ಆದರೆ ವಾಷರ್ ಸಿಲಿಂಡರನ್ನು ಹಿಂದಕ್ಕೆ ನಿಲ್ಲಿಸುವುದರಿಂದ ಸಂದು ಸದಾ 0.18ರಿಂದ 0.23ರ ನಡುವೆ ಇರುತ್ತದೆ. 0.10ರಿಂದ 0.20ರೊಳಗೆ ಇದ್ದರೆ ಚೆನ್ನ. ಅಂದರೆ ಬೆಂಕಿಯ ಕಿಡಿ ಪಕ್ಕಕ್ಕೆ ಸ್ವಲ್ಪ ಹೆಚ್ಚಾಗಿಯೇ ಚಿಮ್ಮುತ್ತದೆ. ಅದನ್ನೂ ಸರಿಪಡಿಸಬೇಕೆಂದರೆ ನಳಿಕೆ ಬಿಚ್ಚಿ ಹಿಂದಕ್ಕೆ ತರಬೇಕು. ಬಿಡಿಭಾಗ ಸಿಗದ ವಿದೇಶಿ ಮಾಲಿಗೆ ಆ ಸಾಹಸ ಬೇಡವೆಂದು ನಾನೇ ನಿಲ್ಲಿಸಿದೆ.

2022ರಿಂದ ಇಲ್ಲಿಯವರೆಗೆ ನೂರರ ಹತ್ತಿರ ಗುಂಡು ಹಾರಿಸಿದ್ದೇನೆ. ಒಂದೂ ಹುಸಿಯಾಗಿಲ್ಲ, ಸೀಸ ಎರಚಿಲ್ಲ. 2023ರ ವಿಧಾನಸಭಾ ಚುನಾವಣೆಗೂ 2024ರ ಲೋಕಸಭಾ ಚುನಾವಣೆಗೂ ಠಾಣೆಯಲ್ಲಿ ಒಪ್ಪಿಸಿ ವಾಪಸು ತಂದೆ. ಮೊದಲ ಸಲ ನಳಿಕೆಯ ತುದಿಗೆ ತುಕ್ಕಿನ ಚುಕ್ಕೆ ಬಂದಿತ್ತು, ಎರಡನೆಯ ಸಲ ಗ್ರೀಸ್ ಹಚ್ಚಿದ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಚರ್ಮದ ಚೀಲದಲ್ಲಿ ಇಟ್ಟು ಬೀರುವಿಗೆ ಸೇರಿಸುವವರಿದ್ದಾರೆ. ಚರ್ಮ ತೇವ ಹಿಡಿಯುತ್ತದೆ, ಹಾಗೆ ಮಾಡಬೇಡಿ. ಗುರಿ ನೇರವಾಗಿದೆ. ಟ್ರಿಗರ್ ಮಾತ್ರ ಗಟ್ಟಿ, ಅದನ್ನು ಹಗುರ ಮಾಡಿಸುವ ಆಸೆ ನನಗಿಲ್ಲ.

ಇಂಥದ್ದನ್ನು ಕೊಳ್ಳಬಹುದೇ ಎಂದು ಕೇಳಿದರೆ, ಕೊಳ್ಳಬಹುದು, ಜೇಬಿನಲ್ಲಿ ಫಿಲ್ಲರ್ ಗೇಜ್ ಇದ್ದರೆ. ನೂರಿನ್ನೂರು ರೂಪಾಯಿಯ ಸಾಮಾನು. ಮಾರುವವರು ಅಳತೆ ಮಾಡಲು ಬಿಡದಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. ನನಗೆ ಎರಡು ರಿಪೇರಿ, ಓಡಾಟ, ಹಾಳಾದ ಕಚ್ಚುಗಳು ಎಲ್ಲ ಸೇರಿ ಕೊಂಡ ಬೆಲೆಯ ಕಾಲು ಭಾಗ ಮತ್ತೆ ಖರ್ಚಾಯಿತು. ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಮೂರೂವರೆಯಲ್ಲಿ ಒಂದೂವರೆ ಮೇಸ್ತ್ರಿಯದು.

ಉಳಿದ ಎರಡು ವಾಷರ್‌ಗಳನ್ನು ಅವರು ಬೆಂಕಿಪೊಟ್ಟಣದಲ್ಲಿ ಹಾಕಿ ಕೊಟ್ಟಿದ್ದರು. ಪರವಾನಗಿ ಪುಸ್ತಕದ ಪಕ್ಕದಲ್ಲೇ ಇಟ್ಟಿದ್ದೇನೆ. ಕಳೆದ ತಿಂಗಳು ಅಳೆದಾಗ ಆಟ 0.06 ಬಂತು.