ಹಳೆ ಬಿ450 ಬೋರ್ಡ್ ಮೇಲೆ ಕಡಿಮೆ ಖರ್ಚಿನ ಗೇಮಿಂಗ್ ಪಿಸಿ: ಎರಡು ವರ್ಷ ಬಳಸಿದ ಮೇಲೆ

"ಬೋರ್ಡ್ ಹಳೇದಾಯ್ತು, ಬುಡಿ ಸಾ, ಹೊಸ ಸೆಟ್ಟೇ ತಗೊಳಿ." ಮಂಡ್ಯದ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೂ ಇದೇ ಮಾತು, ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಕೇಳಿದರೂ ಇದೇ ಮಾತು. ನಾನು ಆ ಮಾತು ಕೇಳಲಿಲ್ಲ. 2019ರಲ್ಲಿ ತಂದಿದ್ದ ಎಂಎಸ್ಐ ಕಂಪನಿಯ ಬಿ450 ಟೊಮಾಹಾಕ್ ಮ್ಯಾಕ್ಸ್ ಮದರ್‌ಬೋರ್ಡನ್ನೇ ಉಳಿಸಿಕೊಂಡೆ. ಮೊದಲಿದ್ದ 16 ಜಿಬಿ ಡಿಡಿಆರ್4 ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್ಟೂ ಹಾಗೇ ಇವೆ. ರೈಝೆನ್ 5 2600 ಪ್ರೊಸೆಸರ್ ತೆಗೆದು ರೈಝೆನ್ 5 5600 ಹಾಕಿದೆ. ಗ್ರಾಫಿಕ್ಸ್‌ಗೆ ಆರ್‌ಎಕ್ಸ್ 6600 ಕಾರ್ಡ್. ಪವರ್ ಸಪ್ಲೈ ಹೊಸದು. ಅಷ್ಟೇ. ಎರಡು ವರ್ಷ ದಾಟಿತು, ಇವತ್ತಿಗೂ ಇದೇ ನಮ್ಮ ಮನೆಯ ಗೇಮಿಂಗ್ ಪಿಸಿ.

ರೈಝೆನ್ ಮಾಡುವ ಎಎಂಡಿ ಕಂಪನಿಯ ಎಎಂ4 ಸಾಕೆಟ್‌ನ, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ, ದೊಡ್ಡ ಗುಣ ಇದು. ಬಿ450 ಸರಣಿಯ ಬೋರ್ಡ್ ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಆದರೂ ಬಯಾಸ್ (ಪಿಸಿ ಆನ್ ಆದ ಕೂಡಲೇ ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಕೂರುತ್ತದೆ. ಮಾಡುವ ಕ್ರಮ ಮಾತ್ರ ಮುಖ್ಯ: ಹಳೆ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮುಗಿಸಿ, ಆಮೇಲೆ ಹೊಸದನ್ನು ಹಾಕಬೇಕು. ಹಳೆ ಬಯಾಸ್‌ಗೆ 5600ರ ಗುರುತೇ ಸಿಗುವುದಿಲ್ಲ, ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ನನ್ನ ಬೋರ್ಡಿನ ಹಿಂಬದಿಯಲ್ಲಿ ಫ್ಲ್ಯಾಶ್ ಬಯಾಸ್ ಬಟನ್ ಇದೆ. ಎಫ್‌ಎಟಿ32 ಪೆನ್‌ಡ್ರೈವ್‌ಗೆ ಬಯಾಸ್ ಫೈಲ್ ಹಾಕಿ, ಅದರ ಹೆಸರನ್ನು ಎಂಎಸ್ಐ ಡಾಟ್ ರಾಮ್ (MSI.ROM) ಅಂತ ಬದಲಿಸಿ ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಆಗುತ್ತದೆ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಲ್ಲಿ ಈ ಬಟನ್ ಇದ್ದರೆ ಎಷ್ಟೋ ಧೈರ್ಯ. ಅಪ್‌ಡೇಟ್ ನಡುವೆ ಕೈಕೊಟ್ಟರೂ ಬೋರ್ಡನ್ನು ಮತ್ತೆ ಎಬ್ಬಿಸುವ ದಾರಿ ಇರುತ್ತದೆ.

ಹಳೆ ಪ್ರೊಸೆಸರ್ ಬಿಚ್ಚುವಾಗ ಮೈಯೆಲ್ಲಾ ಕಣ್ಣಾಗಿರಬೇಕು. ಎಎಂ4ನಲ್ಲಿ ಪಿನ್‌ಗಳು ಇರುವುದು ಪ್ರೊಸೆಸರ್‌ನ ಅಡಿಯಲ್ಲಿ, ಒಟ್ಟು 1331. ವರ್ಷಗಟ್ಟಲೆ ಬಿಸಿಯಾಗಿ, ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಗಟ್ಟಿಯಾಗಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಅದಕ್ಕೇ ಅಂಟಿಕೊಂಡು ಕಿತ್ತು ಬರಬಹುದು, ಪಿನ್ ಬಾಗಬಹುದು. ಮೊದಲು ಒಂದರ್ಧ ಗಂಟೆ ಗೇಮ್ ಓಡಿಸಿ ಪೇಸ್ಟ್ ಮೆತ್ತಗಾಗಲಿ ಅಂತ ಬಿಟ್ಟೆ. ಪಿಸಿ ಆಫ್ ಮಾಡಿ, ವೈರ್ ಕಿತ್ತು, ಕೂಲರ್ ಸಡಿಲಿಸಿ, ಮೇಲಕ್ಕೆತ್ತದೆ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿದೆ. ಅಂಟು ಬಿಟ್ಟದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಎತ್ತಿದರೆ ಪ್ರೊಸೆಸರ್ ಅಲ್ಲೇ ಸಾಕೆಟ್‌ನಲ್ಲಿ ಕೂತಿತ್ತು.

ಇನ್ನು ಗ್ರಾಫಿಕ್ಸ್ ಕಾರ್ಡ್. ಹಳೆ ಬೋರ್ಡಿನವರು ಹೆಚ್ಚು ಯೋಚನೆ ಮಾಡಬೇಕಾದದ್ದು ಇಲ್ಲೇ. ಬಿ450ರಲ್ಲಿ ಇರುವುದು ಪಿಸಿಐಇ 3.0, ಅಂದರೆ ಕಾರ್ಡ್ ಮತ್ತು ಬೋರ್ಡ್ ನಡುವಿನ ಡೇಟಾ ದಾರಿಯ ಹಳೆ, ನಿಧಾನದ ಆವೃತ್ತಿ. ಆರ್‌ಎಕ್ಸ್ 6600 ಆ ದಾರಿಯ ಎಂಟು ಲೇನ್ ಬಳಸುತ್ತದೆ, 8 ಜಿಬಿ ಮೆಮೊರಿ ಇದೆ, ಹಾಗಾಗಿ 3.0 ಸ್ಲಾಟ್‌ನಲ್ಲೂ ನಷ್ಟ ಲೆಕ್ಕಕ್ಕಿಲ್ಲದಷ್ಟು. ಅದೇ ಆರ್‌ಎಕ್ಸ್ 6500 ಎಕ್ಸ್‌ಟಿ ನೋಡಿ. ಬೆಲೆ ಕಡಿಮೆ ಅಂತ ಎಷ್ಟೋ ಜನ ಅದಕ್ಕೆ ಕೈ ಹಾಕುತ್ತಾರೆ. ಅದರಲ್ಲಿರುವುದು ನಾಲ್ಕೇ ಲೇನ್, ಸಾಮಾನ್ಯವಾಗಿ ಸಿಗುವ ಮಾಡೆಲ್‌ಗಳಲ್ಲಿ ಮೆಮೊರಿ 4 ಜಿಬಿ. ಮೆಮೊರಿ ತುಂಬಿದ ಕೂಡಲೇ ಕಾರ್ಡ್ ರ‍್ಯಾಮ್‌ನ ಮೊರೆ ಹೋಗಬೇಕು, ದಾರಿ ಕಿರಿದು, ಗೇಮ್ ತಡವರಿಸುತ್ತದೆ. ಹೊಸ ಬೋರ್ಡಿನಲ್ಲಿ ಹೇಗೋ ನಡೆಯುವ ಕಾರ್ಡ್ ಹಳೆ ಬೋರ್ಡಿನಲ್ಲಿ ಸೋಲುತ್ತದೆ. ಕಡಿಮೆ ಬಜೆಟ್‌ನವರಿಗೆ ಅಂತ ಮಾಡಿದ ಕಾರ್ಡೇ ಹಳೆ ಬೋರ್ಡಿಗೆ ಹೊಂದದಿರುವುದು ನನಗೆ ನಿಜಕ್ಕೂ ಬೇಸರದ ವಿಷಯ.

1080ಪಿ, ಅಂದರೆ ಫುಲ್ ಎಚ್‌ಡಿ ಸ್ಕ್ರೀನ್‌ನಲ್ಲಿ, ನನಗೆ ಕೊರತೆ ಕಂಡಿಲ್ಲ. ವ್ಯಾಲರಂಟ್ ಗೇಮ್ 144 ಹರ್ಟ್ಸ್ (ಸೆಕೆಂಡಿಗೆ 144 ಚಿತ್ರ ತೋರಿಸುವ) ಮಾನಿಟರನ್ನು ಸಲೀಸಾಗಿ ತುಂಬಿಸುತ್ತದೆ. ಜಿಟಿಎ 5, ಫೋರ್ಝಾ ಹೊರೈಝನ್ 5 ನುಣುಪಾಗಿ ಓಡುತ್ತವೆ. ಸೈಬರ್‌ಪಂಕ್ 2077 ಕೂಡ ಸೆಟ್ಟಿಂಗ್ ಸ್ವಲ್ಪ ಇಳಿಸಿದರೆ ಚೆನ್ನಾಗಿದೆ. ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ತೋರಿಸುವ ತಂತ್ರ) ಬೇಕು ಅನ್ನುವವರಿಗೆ ಈ ಕಾರ್ಡ್ ಅಲ್ಲ.

ವ್ಯಾಲರಂಟ್ ಆಡುವವರಿಗೆ ಇನ್ನೊಂದು ಮಾತು. ವಿಂಡೋಸ್ 11ರಲ್ಲಿ ಅದಕ್ಕೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳೂ ಆನ್ ಇರಬೇಕು. ಹಳೆ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಸಿಎಸ್‌ಎಂ (ಹಳೆ ರೀತಿಯಲ್ಲಿ ಬೂಟ್ ಮಾಡಲು ಬಿಡುವ ಬಯಾಸ್ ಸೆಟ್ಟಿಂಗ್) ಆನ್ ಇರುತ್ತದೆ, ಅದನ್ನು ಆಫ್ ಮಾಡಬೇಕು. ವಿಂಡೋಸ್ ಇರುವ ಡಿಸ್ಕ್ ಹಳೆ ಎಂಬಿಆರ್ ವಿಭಜನೆ ಕ್ರಮದಲ್ಲಿದ್ದರೆ ಮೊದಲು ಹೊಸ ಜಿಪಿಟಿ ಕ್ರಮಕ್ಕೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ವಿಂಡೋಸೇ ಏಳುವುದಿಲ್ಲ. ಸಿಎಸ್‌ಎಂ ಆಫ್ ಆದ ಮೇಲೆ ರೀಸೈಝಬಲ್ ಬಾರ್ (ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೇ ಬಳಸಲು ಬಿಡುವ ಸೌಲಭ್ಯ) ಕೂಡ ಆನ್ ಮಾಡಬಹುದು. ಕೆಲವು ಗೇಮ್‌ಗಳಲ್ಲಿ ಅದರಿಂದ ಲಾಭ ಇದೆ, ಅದಕ್ಕೆ ಕಾಸೂ ಕೊಡಬೇಕಿಲ್ಲ.

ಎರಡು ವರ್ಷದಲ್ಲಿ ಬಂದ ಒಂದೇ ತೊಂದರೆ ಬಹಳ ಚಿಕ್ಕ ವಸ್ತುವಿನಿಂದ. ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ, "ಮಾವ, ಗೇಮು ನಿಂತ್ ನಿಂತ್ ಓಡ್ತದೆ, ವ್ಯಾಲರಂಟಂತೂ ಓಪನ್ನೇ ಆಗ್ತಿಲ್ಲ" ಅಂದ. ನೋಡಿದರೆ ಗಡಿಯಾರ ತಪ್ಪು ಟೈಮ್ ತೋರಿಸುತ್ತಿತ್ತು. 3200 ವೇಗದಲ್ಲಿ ಓಡಬೇಕಿದ್ದ ರ‍್ಯಾಮ್ 2133ಕ್ಕೆ ಇಳಿದಿತ್ತು, ಸೆಕ್ಯೂರ್ ಬೂಟ್ ಆಫ್ ಆಗಿತ್ತು. ಬೋರ್ಡಿನ ಮೇಲಿನ ಬಟನ್ ಸೆಲ್, ಸಿಆರ್2032, ಸತ್ತುಹೋಗಿತ್ತು. ನಾವು ರಾತ್ರಿ ಗೋಡೆಯ ಸ್ವಿಚ್ಚೇ ಆಫ್ ಮಾಡುತ್ತೇವೆ, ಆಗ ಬಯಾಸ್ ಸೆಟ್ಟಿಂಗ್ ಉಳಿಯುವುದು ಆ ಸೆಲ್‌ನಿಂದಲೇ. ಹೊಸ ಸೆಲ್ ಹಾಕಿ, ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಮತ್ತೆ ಆನ್ ಮಾಡಿ, ಉಳಿದ ಸೆಟ್ಟಿಂಗ್ ಸರಿ ಮಾಡಿದೆ, ಮುಗಿಯಿತು. ಐದಾರು ವರ್ಷದ ಬೋರ್ಡ್ ಇದ್ದರೆ ಸೆಲ್ ಈಗಲೇ ಬದಲಿಸಿಬಿಡಿ.

ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ದಯವಿಟ್ಟು ಜಿಪುಣತನ ಬೇಡ. ಕ್ಯಾಬಿನೆಟ್ ಜೊತೆ ಸುಮ್ನೆ ಬರುವ ಹಗುರ ಡಬ್ಬಿ ನಂಬಬೇಡಿ. ಆರ್‌ಎಕ್ಸ್ 6600 ಎಳೆಯುವುದು 132 ವ್ಯಾಟ್ ಅಷ್ಟೇ, ಎಎಂಡಿ ಹೇಳುವುದು 450 ವ್ಯಾಟ್ ಸಪ್ಲೈ. ನಾನು 550 ವ್ಯಾಟ್‌ನ, 80 ಪ್ಲಸ್ ಬ್ರಾಂಝ್ (ಕರೆಂಟ್ ಪೋಲು ಕಡಿಮೆ ಅನ್ನುವ ದರ್ಜೆ) ಇರುವುದನ್ನು ಹಾಕಿದೆ. ಮನೆಯ ಇನ್ವರ್ಟರ್ ಮೇಲೆ ಓಡಿಸುವವರು ಅದರಲ್ಲಿ ಯುಪಿಎಸ್ ಮೋಡ್ ಇದ್ದರೆ ಆನ್ ಇಡಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಬದಲಾಗುವ ಹೊತ್ತು ಜಾಸ್ತಿಯಾಗಿ ಪಿಸಿ ರೀಸ್ಟಾರ್ಟ್ ಆಗುತ್ತದೆ.

ಬೋರ್ಡ್ ಬದಲಿಸದೆ ಉಳಿಸಿದ ದುಡ್ಡು ಈಗ ಇನ್ನೂ ದೊಡ್ಡದಾಗಿ ಕಾಣುತ್ತಿದೆ. ಎಎಂಡಿಯ ಹೊಸ ಎಎಂ5 ಸಾಕೆಟ್‌ನ ಬೋರ್ಡಿಗೆ ಡಿಡಿಆರ್5 ರ‍್ಯಾಮೇ ಬೇಕು, 2025ರ ಕೊನೆಯಿಂದ ಮೆಮೊರಿ ಬೆಲೆ ವಿಪರೀತ ಏರಿದೆ. ಮನೆಯಲ್ಲಿ ಡಿಡಿಆರ್4 ರ‍್ಯಾಮ್ ಇರುವವರು ಅದನ್ನು ಮಾರಬೇಡಿ.

ಸೆಕೆಂಡ್ ಹ್ಯಾಂಡ್ ಬಿ450 ಹುಡುಕುವವರು ಫೋಟೋ ನೋಡಿ ದುಡ್ಡು ಕಳಿಸಬೇಡಿ. ಎದುರಿಗೇ ಆನ್ ಮಾಡಿಸಿ. ರ‍್ಯಾಮ್ ಸ್ಲಾಟ್ ಒಂದೊಂದರಲ್ಲೂ ಹಾಕಿ ನೋಡಿ, ಉಬ್ಬಿದ ಕೆಪ್ಯಾಸಿಟರ್ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಆ ಮಾಡೆಲ್‌ಗೆ ರೈಝೆನ್ 5000 ಸರಣಿಗೆ ಬೇಕಾದ ಬಯಾಸ್ ಬಂದಿದೆಯಾ ಅಂತ ಕಂಪನಿಯ ಸಪೋರ್ಟ್ ಪೇಜ್‌ನಲ್ಲಿ ನೋಡಿಕೊಂಡ ಮೇಲೆ ರೇಟ್ ಮಾತಾಡಿ.