ಔಷಧಿ ಎಲ್ಲಿಡೋದು: ಕೈಚೀಲದಲ್ಲೋ, ಚೆಕ್-ಇನ್ ಲಗೇಜಿನಲ್ಲೋ?

ಕಲಬುರಗಿ, ಬೀದರ್ ಕಡೆಯ ಎಷ್ಟೋ ಜನರ ವಿಮಾನ ಪ್ರಯಾಣ ಶುರುವಾಗೋದೇ ಹೈದರಾಬಾದ್ ಬಸ್ಸಿನಿಂದ. ಔಷಧಿಯ ಲೆಕ್ಕವನ್ನೂ ಅಲ್ಲಿಂದಲೇ ಹಾಕಬೇಕು.

ಬಿಪಿ, ಶುಗರ್, ಫಿಟ್ಸ್ ಮಾತ್ರೆಗಳಿಗೆ ಕೈಚೀಲವೇ ಸರಿ. ಲಗೇಜು ತಡವಾದರೆ ಉಟ್ಟ ಬಟ್ಟೆಯಲ್ಲೇ ಒಂದು ದಿನ ಕಳೆಯಬಹುದು, ಮಾತ್ರೆ ತಪ್ಪಿಸಲಾಗದು.

ಇನ್ಸುಲಿನ್ ವಿಷಯದಲ್ಲಂತೂ ಎರಡನೇ ಮಾತಿಲ್ಲ. ಸೀಲ್ ಒಡೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು; ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ. ವಿಮಾನದ ಲಗೇಜು ಭಾಗದಲ್ಲಿ ವಿಪರೀತ ತಂಪಿನ ಭಯ, ಮೇ ತಿಂಗಳ ಬಿಸಿಲಿಗೆ ಕಾದ ಬಸ್ಸಿನ ಡಿಕ್ಕಿಯಲ್ಲಿ ಸೆಕೆಯ ಭಯ. ಐಸ್ ಪ್ಯಾಕ್ ಮೇಲೆ ಟವೆಲ್ ಸುತ್ತಿ, ಬಾಟಲಿಗೆ ನೇರ ತಾಗದಂತೆ ಇಟ್ಟು, ಮಡಿಲಲ್ಲೇ ಒಯ್ಯಿರಿ.

ಮಾತ್ರೆಗಳನ್ನು ದಿನಕ್ಕೊಂದು ಖಾನೆಯಂತೆ ತುಂಬಿಡುವ ವಾರದ ಡಬ್ಬಿಯೋ, ಸ್ಟ್ರಿಪ್ಪೋ? ಅವ್ವ, ಅಪ್ಪನಿಗೆ ಮನೆಯಲ್ಲಿ ಡಬ್ಬಿ ಬಲು ಅನುಕೂಲ. ಪ್ರಯಾಣಕ್ಕೆ ನನ್ನ ಮತ ಸ್ಟ್ರಿಪ್ಪಿಗೇ: ಹೆಸರು, ಅವಧಿ ಅದರ ಮೇಲೇ ಇರುತ್ತೆ, ತಪಾಸಣೆಯವರು ಕೇಳಿದರೆ ಡಾಕ್ಟರ ಚೀಟಿ ಜೊತೆ ತೋರಿಸಬಹುದು. ಕತ್ತರಿಸುವಾಗ ಹೆಸರಿರುವ ತುದಿ ಉಳಿಸಿಕೊಳ್ಳಿ. ವಿದೇಶಕ್ಕೆ ಹೊರಟರೆ ಕೈಚೀಲದ ದ್ರವಕ್ಕೆ 100 ಮಿಲಿ ಮಿತಿಯಿದೆ. ಅಗತ್ಯದ ಔಷಧಿಗೆ ವಿನಾಯಿತಿ ಸಿಗುತ್ತದೆ, ಆಗಲೂ ಚೀಟಿ ಬೇಕು.

ಪವರ್ ಬ್ಯಾಂಕ್ ಚೆಕ್-ಇನ್‌ಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಲಿ. ಕತ್ತರಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಲಗೇಜಿಗೆ.